ಸಮುದ್ರಕ್ಕೊಂದು ತೂಬು

ನಮ್ಮ ಮನೆಯಲ್ಲಿದ್ದ ಸಮುದ್ರ ಒಂದು ಹಳೆಯ ಪಂಚೆ. ಮದುವೆಯಲ್ಲಿ ನನ್ನ ಗಂಡ ಉಟ್ಟಿದ್ದ ಪಂಚೆಯನ್ನೇ ಬಟ್ಟೆಗೆ ಹಾಕುವ ನೀಲಿಯಲ್ಲಿ ನೆನೆಸಿ ಮೇಜಿನ ಮೇಲೆ ಹಾಸಿಕೊಂಡಿದ್ದರು. ನೆನೆಸಿ ಹಿಂಡಿದವಳು ನಾನು. ಅಂಗೈಗೆ ಹತ್ತಿದ ನೀಲಿ ಎಷ್ಟು ಉಜ್ಜಿದರೂ ಹೋಗದೆ, ಮುದ್ದೆ ಕಟ್ಟುವಾಗ ನನಗೇ ಹೇಸಿಗೆಯಾಗುತ್ತಿತ್ತು. ಅಷ್ಟು ಮಾಡಿಸಿಕೊಂಡ ಮೇಲೆ, ಆ ಸಮುದ್ರದ ಹತ್ತಿರ ನಾನು ಸುಳಿಯಕೂಡದೆಂದು ಅಪ್ಪಣೆಯಾಯಿತು. ಸೆರಗು ತಗುಲಿ ಹಡಗುಗಳು ಉರುಳುತ್ತವಂತೆ.

ಇದು ಎಪ್ಪತ್ತರ ದಶಕದ ಮಾತು. ಮಂಡ್ಯದಲ್ಲಿ ಬಾಡಿಗೆ ಮನೆ. ನನ್ನ ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಬಂತೆಂದರೆ ಅವರ ಸ್ನೇಹಿತರಿಬ್ಬರು ಹಾಜರು. ಒಬ್ಬರು ಹೈಸ್ಕೂಲಿನಲ್ಲಿ ಸಮಾಜಪಾಠ ಹೇಳುವ ಮೇಷ್ಟ್ರು, ಪುರೋಹಿತರ ಮನೆತನದವರು, ಮದ್ದೂರಿನಿಂದ ಬೆಳಗಿನ ಬಸ್ಸಿಗೆ ಇಸ್ತ್ರಿ ಕೆಡದ ಷರಟಿನಲ್ಲಿ ಬಂದಿಳಿಯುವರು. ಇನ್ನೊಬ್ಬರು ಪಕ್ಕದ ಬೀದಿಯ ಓವರ್‌ಸಿಯರ್, ನಾಲೆಯ ಕೆಲಸ. ಮೂವರಿಗೂ ಮೀಸೆ ಬಂದು ಎಷ್ಟೋ ಕಾಲವಾಗಿತ್ತು. ಈ ಮೂವರು ಸೇರಿ ಬೆಂಡಿನಲ್ಲಿ ಮಾಡಿದ ಗೇಣುದ್ದದ ಹಡಗುಗಳನ್ನಿಟ್ಟುಕೊಂಡು ಸಮುದ್ರಯುದ್ಧ ಆಡುತ್ತಿದ್ದರು.

ರೇಡಿಯೋದಲ್ಲಿ ಯುದ್ಧದ ಸುದ್ದಿ ಕೇಳಿ ಹತ್ತಿದ ಹುಚ್ಚು. ಆ ಯುದ್ಧ ಮುಗಿದು ವರ್ಷಗಳಾದರೂ ಇವರದು ಮುಗಿಯಲಿಲ್ಲ. ಹೋಗಲಿ, ನಿಜವಾದ ದೇಶಗಳನ್ನಿಟ್ಟುಕೊಂಡಾದರೂ ಆಡಿದರೇ? ಅದೂ ಇಲ್ಲ. ನನ್ನ ಗಂಡನದು ನಾಗಲೋಕದ ಪಡೆ, ಮೇಷ್ಟ್ರದು ಗಂಧರ್ವರ ಪಡೆ. ಓವರ್‌ಸಿಯರ್ ಪಂಚಾಯಿತಿಯವರು, ಕಾನೂನು ಮಾಡುವವರು. ನಾಗರ ಹಡಗು ವಿಷದ ಹೊಗೆ ಬಿಡುತ್ತದೆ. ಗಂಧರ್ವರ ಹಡಗು ಮಂತ್ರ ಹೇಳಿದರೆ ಗಾಳಿ ತರಿಸುತ್ತದೆ. ಆ ಮಂತ್ರವನ್ನು ಮೇಷ್ಟ್ರು ಕಣ್ಣು ಮುಚ್ಚಿ, ಮೂಗು ಹಿಡಿದು, ಗಟ್ಟಿಯಾಗಿಯೇ ಹೇಳುವರು. ತಿಥಿಮನೆಯಲ್ಲಿ ದಕ್ಷಿಣೆ ಮುಂದಿಟ್ಟುಕೊಂಡು ಕೂತವರಿಗೂ ಅಷ್ಟು ಶ್ರದ್ಧೆಯಿರುವುದಿಲ್ಲ. ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಅದು ಮೊದಮೊದಲು.

ಹಡಗಿನ ಮೈಗೆ ಬಾಸಿಂಗ ಮಾಡುವವರಿಂದ ತಂದ ಬೆಂಡು. ಕಂಬಕ್ಕೆ ನನ್ನ ಪೊರಕೆಯ ಕಡ್ಡಿ. ಹಾಯಿಗೆ ನನಗೆ ಬಾಗಿನದಲ್ಲಿ ಬಂದ ರವಿಕೆ ಕಣ. ಪೊರಕೆ ಸವೆದದ್ದು ಗುಡಿಸಿ ಅಲ್ಲ ಎಂದರೆ ಯಾರು ನಂಬುತ್ತಾರೆ? ಗುಂಡು ತಾಗಿತೋ ಇಲ್ಲವೋ ಎಂದು ತೀರ್ಮಾನಿಸಲು ಕವಡೆ ಎಸೆಯುತ್ತಿದ್ದರು. ಆ ಕೋಣೆಯಲ್ಲಿ ಸಮುದ್ರ ಕಂಡಿದ್ದುದು ಆ ಕವಡೆಗಳು ಮಾತ್ರ. ಮೂವರಲ್ಲಿ ಒಬ್ಬರೂ ಕಂಡವರಲ್ಲ. ನಾನೂ ಕಂಡಿರಲಿಲ್ಲ, ಆದರೆ ಕಂಡವಳ ಹಾಗೆ ಮಾತಾಡುತ್ತಿರಲಿಲ್ಲ.

ಕಾಣದವರು ಕೂತು ಸಮುದ್ರ ಕಟ್ಟಿದರೆ ಅದು ನಾಲೆಯೇ ಆಗುತ್ತದೆ. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಒಂದು ಭಾನುವಾರವೆಲ್ಲ ಜಗಳ. ಮಕ್ಕಳಿಗೆ ಭೂಪಟ ತೋರಿಸಿ ಸಂಬಳ ತೆಗೆದುಕೊಳ್ಳುವ ಮೇಷ್ಟ್ರಾದರೂ ಸಮುದ್ರಕ್ಕೆ ಹರಿವು ಎಲ್ಲಿಂದ ಬಂತೆಂದು ಕೇಳಬೇಕೋ ಬೇಡವೋ? ಅವರು ಮೇಜಿನ ಕಿಟಕಿ ಕಡೆಯನ್ನು ಇಳಿಜಾರು ಎಂದು ಗುರುತು ಮಾಡಿದರು. ಆಗ ಓವರ್‌ಸಿಯರ್ ಗಂಟಲು ಸರಿ ಮಾಡಿಕೊಂಡರು.

"ತೂಬಿಲ್ದೆ ನೀರು ಎಂಗ್ಲಾ ನಿಂತ್ಕತದೆ? ಯಾವ ನೀರ್ಗಾದ್ರೂ ಒಂದು ತೂಬು ಇರ್ಲೇಬೇಕು ಕಣ್ಲಾ."

"ಅದೂ ದಿಟವೇ ಅನ್ನು," ಎಂದರು ನನ್ನ ಗಂಡ.

ಹೀಗೆ ಸಮುದ್ರಕ್ಕೆ ತೂಬು ಬಂತು. ಮೇಜಿನ ಅಂಚಿಗೆ ಒಂದು ಉಂಡೆ ಜೇಡಿಮಣ್ಣು ಮೆತ್ತಿ, ಅದರಲ್ಲಿ ನನ್ನ ಮರದ ಬಾಚಣಿಗೆಯನ್ನು ನೆಟ್ಟಗೆ ಸಿಕ್ಕಿಸಿದರು. ಯಾರ ಹಡಗು ಬಾಚಣಿಗೆ ಮುಟ್ಟುತ್ತದೋ ಅವರು ತೂಬಿನ ಯಜಮಾನರು. ಆಮೇಲೆ ಎದುರಾಳಿಯ ಕಡೆಯ ನೀರು ಇಳಿಸಿ ಅವನ ಹಡಗುಗಳನ್ನು ಕೆಸರಿಗೆ ಕೂರಿಸಬಹುದು. ಶತ್ರುವನ್ನು ಮುಳುಗಿಸಬಹುದು ಎನ್ನುವುದಕ್ಕಿಂತ, ಅವನ ನೀರು ನಿಲ್ಲಿಸಬಹುದು ಎನ್ನುವುದೇ ಈ ಮಂಡ್ಯದ ವೀರರಿಗೆ ರುಚಿಸಿತು. ಕಾಫಿ ಲೋಟ ತೆಗೆಯಲು ಹೋದಾಗ ಓವರ್‌ಸಿಯರ್ ಇನ್ನೊಂದು ಕಾನೂನು ಹೇಳುತ್ತಿದ್ದರು.

"ತೂಬೇ ಕಿತ್ತೋದ್ರೆ ಮುಗೀತು. ನೀರೂ ಖಾಲಿ, ಆಟನೂ ಖಾಲಿ."

ನಾನು ಬೆರಳಿನಲ್ಲೇ ಸಿಕ್ಕು ಬಿಡಿಸಿಕೊಂಡು ಜಡೆ ಹೆಣೆದುಕೊಂಡೆ.

ಬಾಚಣಿಗೆ ಹೋದರೆ ಹೋಗಲಿ, ಮೇಜಿನ ವಿಷಯ ಬೇರೆ. ಅದು ನನ್ನ ಮೇಜು. ಹತ್ತನೇ ತರಗತಿ ಪರೀಕ್ಷೆಗೆ ಇನ್ನೇನು ಕೂರಬೇಕು ಎನ್ನುವಾಗ ಒಳ್ಳೆಯ ಸಂಬಂಧ ಬಂತೆಂದು ನನ್ನ ಮದುವೆ ಮಾಡಿದರು. ನಮ್ಮಪ್ಪ ಮಳವಳ್ಳಿ ಕಡೆಯ ಬೇಸಾಯಗಾರ. ಮಗಳ ಓದು ಕೆಡಿಸಿದೆ ಎಂದು ಅವನಿಗೆ ಒಳಗೊಳಗೇ ಸಂಕಟ. ಬೇರೆ ಹುಡುಗಿಯರಿಗೆ ಮಂಚ, ಬೀರು ಕೊಟ್ಟು ಕಳಿಸಿದರೆ, ನನಗೆ ಹಿತ್ತಲಿನ ಹಲಸಿನ ಮರ ಕೊಯ್ಯಿಸಿ ಒಂದು ಮೇಜು ಮಾಡಿಸಿದ. ನೆಂಟರೆಲ್ಲ ನಕ್ಕರು. ಗಾಡಿಗೆ ಏರಿಸುವಾಗ ಅದರ ಮೇಲೆ ಕೈಯಾಡಿಸಿ, "ಓದ್ಕಳವ್ವ. ಅಲ್ಲಿಂದ್ಲೇ ಪರೀಕ್ಷೆ ಕಟ್ಟು," ಎಂದ. ಕಟ್ಟಿಸುತ್ತೇನೆಂದು ನನ್ನ ಗಂಡನೂ ಅವನ ಎದುರಿಗೇ ಮಾತು ಕೊಟ್ಟಿದ್ದರು. ಮಾತಿಗೆ ತಪ್ಪಲಿಲ್ಲ, ಕಟ್ಟಿಸಿದರು. ಕಟ್ಟಿಸಿ, ಮೇಜಿನ ಮೇಲೆ ಸಮುದ್ರ ಹಾಸಿದರು.

ಯುದ್ಧ ಒಂದು ಭಾನುವಾರಕ್ಕೆ ಮುಗಿಯುವುದಾದರೆ ಅಡ್ಡಿಯಿರಲಿಲ್ಲ. ಮುಗಿಯದ ಯುದ್ಧದ ಹಡಗುಗಳನ್ನು ಇದ್ದಲ್ಲೇ ಬಿಡಬೇಕು, ಕದಲಿಸಕೂಡದು. ಹಾಗಾಗಿ ವಾರವಿಡೀ ಮೇಜಿನ ಮೇಲೆ ನಾಗರು, ಗಂಧರ್ವರು. ನಾನು ಅಡುಗೆಮನೆಯಲ್ಲಿ, ರಾಗಿ ಡ್ರಮ್ಮಿನ ಮುಚ್ಚಳದ ಮೇಲೆ. ಹಿಟ್ಟು ಬೀಸಿಸಲು ರಾಗಿ ಬೇಕೆಂದರೆ ಪುಸ್ತಕವೆಲ್ಲ ಕೆಳಗಿಳಿಸಬೇಕು. ಮಿಕ್ಕ ಪಾಠ ಹೇಗೋ ಓದಿಕೊಂಡೆ. ರೇಖಾಗಣಿತ ಮಾತ್ರ ಆಗಲಿಲ್ಲ. ಮುಚ್ಚಳದ ನಡುವೆ ಒಂದು ತಗ್ಗಿತ್ತು. ಕೈವಾರದ ಮೊಳೆ ಅಲ್ಲಿಗೇ ಜಾರುವುದು. ಎಷ್ಟು ಸಲ ಎಳೆದರೂ ವೃತ್ತ ಹೊರಟಲ್ಲಿಗೆ ಬಂದು ಕೂಡುತ್ತಿರಲಿಲ್ಲ. ಕಳೆದ ಸಲ ನಾನು ಫೇಲಾದದ್ದೂ ಗಣಿತದಲ್ಲೇ. ಈ ಸಲವೂ ಹೋದರೆ ಇನ್ನೊಮ್ಮೆ ಕಟ್ಟಿಸುವುದಿಲ್ಲವೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು.

ಅತ್ತೆಯ ಹತ್ತಿರ ಹೇಳಿಕೊಂಡೆ. ಮದ್ದೂರಿನ ಆಚೆ ಕೊಪ್ಪದ ಕಡೆಯ ಹೆಂಗಸು, ಮಗನ ಮೇಲೆ ಪ್ರಾಣ.

"ಕುಡಿಯಾಕಿಲ್ಲ, ಇಸ್ಪೀಟಾಡಾಕಿಲ್ಲ, ನಿನ್ ಮೇಲೆ ಕೈ ಎತ್ತಾಕಿಲ್ಲ. ಬೆಂಡು ಕೆತ್ಕಂಡು ಮನೇಲೇ ಬಿದ್ದವ್ನೆ. ನಿಂಗೇನವ್ವ ಬಂದಿರೋದು ದೊಡ್ ರೋಗ?"

ಬೀದಿಯ ಹೆಂಗಸರದೂ ಅದೇ ಹಾಡು. ನೀನು ಪುಣ್ಯವಂತೆ ಕಣಮ್ಮ ಎನ್ನುವರು. ಕುಡಿಯದೆ, ಹೊಡೆಯದೆ ಇದ್ದುಬಿಟ್ಟರೆ ಈ ಗಂಡಸರಿಗೆ ಅದೇ ದೊಡ್ಡ ಬಿರುದು. ಅದರ ಮೇಲೆ ಅವರು ಏನು ಮಾಡಿದರೂ ಚೆಂದ.

ಗಂಡನನ್ನು ಕೇಳಿದೆ. ಒಂದು ಸಲವಲ್ಲ, ದಸರಾ ಕಳೆದಾಗಿನಿಂದ ಸಂಕ್ರಾಂತಿಯವರೆಗೆ ಕೇಳಿದೆ. ಮೆಲ್ಲಗೆ ಕೇಳಿದೆ, ಊಟಕ್ಕೆ ಬಡಿಸುತ್ತ ಕೇಳಿದೆ, ಅತ್ತು ಕೇಳಿದೆ. "ಈ ಭಾನುವಾರ ಮುಗೀತದೆ ಅಮ್ಮಿ, ತೂಬಿನ ಹತ್ರಕ್ಕೆ ಬಂದಿವ್ನಿ," ಎನ್ನುವರು. ಹೇಳುವಾಗಲೂ ಕಣ್ಣು ಹಡಗಿನ ಮೇಲೆ. ನನಗೆ ಸಿಟ್ಟಿಗಿಂತ ಅಸಹ್ಯವಾಗುತ್ತಿತ್ತು. ಬೈದರೆ ತಿರುಗಿ ಬೈಯಬಹುದು; ಕೇಳಿಸಿಕೊಳ್ಳದ ಮನುಷ್ಯನಿಗೆ ಏನು ಮಾಡಬಹುದು?

ಪರೀಕ್ಷೆಗೆ ತಿಂಗಳಿದೆ ಎನ್ನುವಾಗಿನ ಒಂದು ಭಾನುವಾರ. ಮೇಷ್ಟ್ರ ಹಡಗೊಂದು ಬಾಚಣಿಗೆಗೆ ಬೆಂಕಿಕಡ್ಡಿಯಷ್ಟು ದೂರದಲ್ಲಿತ್ತು. ಮೇಷ್ಟ್ರು ಮೂಗು ಹಿಡಿದು ಮಂತ್ರ ಶುರುಮಾಡಿದ್ದರು. ನನ್ನ ಗಂಡ ಕವಡೆಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದರು. ನಾನು ಆಗತಾನೇ ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡೇ ಒಳಗೆ ಹೋದೆ. ಯಾರೂ ತಲೆಯೆತ್ತಲಿಲ್ಲ. ಕೈ ಚಾಚಿ ಬಾಚಣಿಗೆ ಕಿತ್ತುಕೊಂಡು, ಹಲ್ಲಿಗೆ ಮೆತ್ತಿದ್ದ ಮಣ್ಣು ಒರೆಸಿ, ಅಲ್ಲೇ ನಿಂತು ತಲೆ ಬಾಚತೊಡಗಿದೆ.

"ಲೇ ಲೇ, ಏನ್ ಮಾಡ್ಬುಟ್ಟೆ ಅಮ್ಮಿ!" ಎಂದು ನನ್ನ ಗಂಡ ಎದ್ದೇಬಿಟ್ಟರು.

"ತೂಬು ಕಿತ್ತೋಯ್ತು," ಎಂದೆ. "ನೀರೆಲ್ಲ ಖಾಲಿ. ನಿಮ್ ಹಡಗು ಎತ್ಕಳಿ."

"ಇದು ಸಲ್ಲದಮ್ಮ," ಎಂದರು ಮೇಷ್ಟ್ರು. ಮುಖ ಕೆಂಪಗಾಗಿತ್ತು. "ನೀವು ಯಾವ ಪಡೆಯವರೂ ಅಲ್ಲವಲ್ಲ!"

ಓವರ್‌ಸಿಯರ್ ಮಾತ್ರ ಸಾವಧಾನವಾಗಿ ಗಲ್ಲ ಕೆರೆದುಕೊಂಡರು. ನಾಲೆಯ ಮೇಲೆ ತಕರಾರು ತೀರಿಸುವಾಗ ಇರುತ್ತಿದ್ದ ಮುಖವೇ ಇರಬೇಕು ಅದು.

"ಯಾರ್ ಕಿತ್ರು ಅಂತ ನೀರು ಕೇಳಾಕಿಲ್ಲ ಮೇಷ್ಟ್ರೇ. ತಂಗ್ಯವ್ವನ್ ಮಾತು ಸರಿಯಾಗೇ ಅದೆ. ತೂಬು ಕಿತ್ತೋದ್ಮೇಲೆ ಮುಗೀತು."

ಮೂವರೂ ಒಂದಷ್ಟು ಹೊತ್ತು ವಾದ ಮಾಡಿದರು. ಪಡೆಯಲ್ಲದವರು ತೂಬು ಕೀಳಬಹುದೇ, ನೀರು ಒಮ್ಮೆಗೇ ಇಳಿಯುತ್ತದೋ ಬರಬರುತ್ತ ಇಳಿಯುತ್ತದೋ, ಇಳಿದರೆ ಗೆದ್ದವರು ಯಾರು. ಮೇಜು ಯಾರದು ಎಂದು ಒಬ್ಬರೂ ಕೇಳಲಿಲ್ಲ. ಕೊನೆಗೆ ಕಾನೂನು ಕಾನೂನೇ ಎಂದು ಒಪ್ಪಿ, ಮುಖ ಸಪ್ಪೆ ಮಾಡಿಕೊಂಡು, ಹಡಗುಗಳನ್ನು ಜೋಳಿಗೆಗೆ ತುಂಬಿದರು. ಪಂಚೆ ಮಡಿಸಿದರು. ಅಷ್ಟು ತಿಂಗಳು ನಾನು ಬೇಡಿದ್ದಕ್ಕೆ ಆಗದ ಕೆಲಸ, ಅವರದೇ ಹುಚ್ಚು ಕಾನೂನಿಗೆ ಒಂದು ಕಾಫಿ ಆರುವುದರೊಳಗೆ ಆಯಿತು. ಗೆದ್ದೆ ಎಂದು ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ಕಣ್ಣೀರಿಗಿಂತ ಬಾಚಣಿಗೆಯ ಮಾತು ನಡೆಯುವ ಮನೆ ಇದು ಎಂದು ಆವತ್ತು ತಿಳಿಯಿತು.

ಸಮುದ್ರ ಓವರ್‌ಸಿಯರ್ ಮನೆಯ ಜಗುಲಿಗೆ ಹೋಯಿತು. ಅವರ ಹೆಂಡತಿಗೆ ನನ್ನಷ್ಟು ತಾಳ್ಮೆಯಿರಲಿಲ್ಲ. ಮುಂದಿನ ವಾರವೇ ನಾಗರನ್ನೂ ಗಂಧರ್ವರನ್ನೂ ನೀರೊಲೆಗೆ ಹಾಕಿದಳು. ನಾನು ಹಲಸಿನ ಮೇಜಿನ ಮೇಲೆ ಕೈವಾರ ಊರಿ ವೃತ್ತ ಎಳೆದೆ, ಕೂಡಿತು. ಮತ್ತೆ ಎಳೆದೆ, ಮತ್ತೆ ಕೂಡಿತು. ಪರೀಕ್ಷೆ ಬರೆದೆ, ಗಣಿತದಲ್ಲೂ ಪಾಸಾದೆ. ಅಪ್ಪನಿಗೆ ಹೇಳಲು ಮಳವಳ್ಳಿಯ ಬಸ್ಸು ಹತ್ತಿ ನಾನೊಬ್ಬಳೇ ಹೋದೆ. ಅವನು ನನ್ನ ತಲೆ ಮೇಲೆ ಕೈಯಿಟ್ಟು ನಿಂತುಬಿಟ್ಟ.

ನನ್ನ ಗಂಡನಿಗೆ ಈಗ ವಯಸ್ಸಾಗಿದೆ. ಮನೆಗೆ ಯಾರೇ ಬಂದರೂ ಆ ಕಥೆ ಹೇಳದೆ ಕಳಿಸುವುದಿಲ್ಲ. "ಒಂದ್ ಕಿತ ಇವ್ಳು ಎರಡು ಪಡೆ ಹಡಗ್ನ ಒಂದು ಬಾಚಣಿಗೇಲಿ ಕೆಸರಿಗೆ ಕೂರಿಸ್ಬುಟ್ಲು," ಎಂದು ನನ್ನ ಕಡೆ ಕೈ ತೋರಿಸಿ ನಗುತ್ತಾರೆ. ಹೆಮ್ಮೆಯಿಂದಲೇ ಹೇಳುತ್ತಾರೆ. ಮೇಷ್ಟ್ರ ಮಂತ್ರ, ಕವಡೆಯ ಲೆಕ್ಕ, ಯಾವ ಹಡಗು ಎಲ್ಲಿತ್ತು, ಒಂದನ್ನೂ ಮರೆತಿಲ್ಲ. ಹೋದ ತಿಂಗಳು ನೆಂಟರ ಹುಡುಗಿಯೊಬ್ಬಳು ಕಥೆಯನ್ನೆಲ್ಲ ಕೇಳಿ, ಅಜ್ಜಿಗೆ ಆ ಮೇಜು ಯಾಕೆ ಬೇಕಾಗಿತ್ತು ಎಂದಳು.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಹೇಳಿಕೊಡಲಿಲ್ಲ.

"ಏನಕ್ಕೋ ಬೇಕಾಗಿತ್ತು ಕಣವ್ವ," ಎಂದರು. "ಈಗ ನೆಪ್ಪಿಲ್ಲ."