ಮಾತಿಲ್ಲದ ಮೂರು ನಿಮಿಷ

“ಈಗ ಈಯಮ್ಮನ ಮುಖ ಹೆಂಗೈತೆ ಅಂತ ಹೇಳ್ಲಿ?”

ಕೇಳಿದ್ದು ಯಾರನ್ನೂ ಅಲ್ಲ. ಸಾಸ್ವೆಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಲಿಗೆ ಮಷೀನಿನ ಮೇಲೆ, ದಾರದುಂಡೆಗಳಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಚಿತ್ರವೊಂದು ಓಡುತ್ತಿದೆ. ಆಗಷ್ಟೇ ಉಸಿರು ನಿಂತ ಗಂಡನ ಪಕ್ಕದಲ್ಲಿ ಹೆಂಡತಿ ಕೂತಿದ್ದಾಳೆ. ಮೂರು ನಿಮಿಷ ಮಾತಿಲ್ಲ, ಹಾಡಿಲ್ಲ, ಪಿಟೀಲಿನ ಒಂದೆಳೆ ದನಿ ಮಾತ್ರ. ನಿರ್ಮಲಮ್ಮ ಚಿತ್ರವನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತಾರೆ. ರವಿಕೆ ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ‘ಅಳುತ್ತಾಳೆ’ ಎಂದು ಬರೆದು, ಹೊಡೆದುಹಾಕುತ್ತಾರೆ. ಆಕೆ ಅಳುತ್ತಿಲ್ಲ. ಗಂಡನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕುತ್ತಿದ್ದಾಳೆ. ಅದನ್ನೇ ಬರೆದುಕೊಳ್ಳುತ್ತಾರೆ.

ಐವತ್ನಾಲ್ಕರ ನಿರ್ಮಲಮ್ಮನಿಗೆ ಹೊಲಿಗೆಯೇ ಅನ್ನ. ಮಂಗಳವಾರ, ಗುರುವಾರ ಮಧ್ಯಾಹ್ನ ಮಾತ್ರ ಮಷೀನು ನಿಲ್ಲಿಸಿ, ಕಣ್ಣು ಕಾಣದ ಒಂಬತ್ತು ಜನಕ್ಕೆ ಫೋನಿನಲ್ಲಿ ಸಿನಿಮಾ ಹೇಳುತ್ತಾರೆ. ಒಂದು ಫೋನಿನಲ್ಲಿ ಚಿತ್ರ, ಇನ್ನೊಂದರಲ್ಲಿ ಕಾನ್ಫರೆನ್ಸ್ ಕಾಲ್. ಅವರ ಫೋನಿನಲ್ಲಿ ಒಂದು ಕರೆಗೆ ಐದೇ ಜನ ಸೇರಲು ಸಾಧ್ಯ. ಹಾಗಾಗಿ ಮಂಗಳವಾರ ಐವರು, ಗುರುವಾರ ನಾಲ್ವರು, ಚಿತ್ರ ಒಂದೇ. ಹೊನ್ನಾಳಿ, ಗೋವಿನಕೋವಿ, ಬಸವಾಪಟ್ಟಣ, ದೂರದ ಜಗಳೂರು, ಎಲ್ಲ ಕಡೆಯೂ ಕೇಳುಗರಿದ್ದಾರೆ. ಪಾತ್ರಗಳು ಮಾತಾಡುವಾಗ ಇವರು ಸುಮ್ಮನಿರುತ್ತಾರೆ. ಮಾತು ನಿಂತಲ್ಲಿ, ಕಂಡದ್ದನ್ನು ಹೇಳುತ್ತಾರೆ. ಪುರಾಣ ಕೇಳುವ ಮನೆಯಲ್ಲಿ ಹೂಂಗುಟ್ಟುವ ಹಾಗೆ ಆಚೆಯಿಂದ ಒಂದೊಂದು ಹೂಂ ಬರುತ್ತದೆ. ನಡುವೆ ಜಾಹೀರಾತು ನುಗ್ಗಿದರೆ, “ಅಡ್ವಟೈಸು ಬಂತು, ನೀರು ಕುಡ್ಕಂಡು ಬರ್ರಿ” ಎನ್ನುತ್ತಾರೆ.

ನಾಲ್ಕು ವರ್ಷದಲ್ಲಿ ಇನ್ನೂರರ ಹತ್ತಿರ ಚಿತ್ರ ಹೇಳಿದ್ದಾರೆ. ಒಂದೊಂದನ್ನೂ ಬೆಳಗಿನ ಜಾವ ಎದ್ದು ಮೂರು ಸಲ ನೋಡುತ್ತಾರೆ, ಮಾತು ನಿಲ್ಲುವ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳುತ್ತಾರೆ. ಒಂದು ಚಿತ್ರಕ್ಕೆ ನೂರು, ನೂರಿಪ್ಪತ್ತು ಜಾಗ ಸಿಗುತ್ತವೆ. ಸಿನಿಮಾ ಕಂಪನಿಯವರೇ ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ಹಾಕಿರುವ ಹಳೆಯ ಚಿತ್ರಗಳೇ ಬೇಕು. ಕೊನೆಯವರೆಗೂ ಇದೆಯೇ, ನಡುವೆ ಹಾಡು ಹಾರಿಸಿದ್ದಾರೆಯೇ ಎಂದು ಮೊದಲೇ ನೋಡುತ್ತಾರೆ. ಹಳೆಯವೇ ಯಾಕೆ ಎಂದರೆ ಉತ್ತರ ಸಿದ್ಧವಿದೆ: “ಅದ್ರಾಗೆ ಮಾತು ಬಿಡಿಸಿಟ್ಟಂಗೆ ಇರ್ತಾವ್ರೀ. ಬಾಗಿಲಾಗೆ ಬಂದೋರು ಯಾರು ಅಂತ ಬಾಯಿಬಿಟ್ಟು ಹೇಳ್ತಾರೆ. ಅರ್ಧ ಕತೆ ಹಾಡಿನಾಗೇ ಐತೆ. ಹೊಸವು ಬರೀ ಕಣ್ಣಿಗೆ.”

ಇದೆಲ್ಲ ಶುರುವಾಗಿದ್ದು ಬಸವಾಪಟ್ಟಣದಲ್ಲಿರುವ ಅಕ್ಕ ಸಾವಂತ್ರಮ್ಮನಿಂದ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತಿಂದಿತು. ಟಿವಿ ಕಡೆ ಮುಖ ಮಾಡಿ ಕೂತು “ಈಗೇನಾತು, ಈಗೇನಾತು” ಎಂದು ಕೇಳುತ್ತಿದ್ದ ಅಕ್ಕನಿಗೆ ತಂಗಿ ಫೋನಿನಲ್ಲೇ ಹೇಳತೊಡಗಿದರು. ಅವರಿಂದ ಇವರಿಗೆ, ಇವರಿಂದ ಮತ್ತೊಬ್ಬರಿಗೆ ಸುದ್ದಿ ಹಬ್ಬಿತು. ರವಿಕೆ ಒಯ್ಯಲು ಬಂದವರು “ರೇಡಿಯೊ ಶುರುವಾತೇನು, ನಾಳೆ ಬರೋಣೇನು” ಎಂದು ಚುಚ್ಚುತ್ತಾರೆ. ಕೆಲವರು ಬೇರೆ ದರ್ಜಿಯ ಹತ್ತಿರವೂ ಹೋದರು. ನಿರ್ಮಲಮ್ಮ ಮಂಗಳವಾರ ಬಿಟ್ಟಿಲ್ಲ, ಗುರುವಾರವನ್ನೂ ಬಿಟ್ಟಿಲ್ಲ.

ಒಮ್ಮೆ ಮಾತ್ರ ಹೇಳುವುದರಲ್ಲಿ ತಪ್ಪಿದರು. ಆ ಚಿತ್ರದಲ್ಲೊಬ್ಬ ಕುರುಡ ಮುದುಕ. ಅವನು ದೇವರ ಪದ ಹಾಡುವಾಗ ಬೆನ್ನ ಹಿಂದೆ ನಾಲ್ಕು ಜನ ಅವನ ನಡಿಗೆಯನ್ನು ಅಣಕಿಸುತ್ತಾರೆ, ತಟ್ಟೆಯ ರೊಟ್ಟಿ ಎಗರಿಸುತ್ತಾರೆ. ಹೇಳಲು ನಾಲಗೆ ಏಳದೆ ನಿರ್ಮಲಮ್ಮ “ಎಲ್ಲಾರೂ ಕೈಮುಗ್ಕಂಡು ಕೇಳ್ತಾವ್ರೆ” ಎಂದುಬಿಟ್ಟರು. ಗೋವಿನಕೋವಿಯ ಧರ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು, ಕಣ್ಣಿದ್ದ ಕಾಲದಲ್ಲಿ ಆ ಚಿತ್ರ ನೋಡಿದ್ದವರು. ಕರೆ ಮುಗಿದ ಮೇಲೆ ಒಬ್ಬರೇ ಫೋನ್ ಮಾಡಿದರು. ಬೈಯಲಿಲ್ಲ.

“ನಮ್ಮ ಬೆನ್ನಿಂದೆ ಯಾರೇನು ಮಾಡ್ತಾರೆ ಅಂತ ಹೇಳಾಕೆ ನೀನೊಬ್ಳಿದೀಯ ಅನ್ಕಂಡಿದ್ದೆ ತಾಯಿ” ಎಂದು ಫೋನ್ ಇಟ್ಟರು.

ಮುಂದಿನ ವಾರ ನಿರ್ಮಲಮ್ಮ ಎರಡೂ ದಿನ, ಉಳಿದ ಎಂಟೂ ಜನರ ಎದುರು ತಪ್ಪೊಪ್ಪಿಕೊಂಡು, ಆ ಹಾಡನ್ನು ಮತ್ತೆ ಹಾಕಿ, ರೊಟ್ಟಿ ಎಗರಿಸಿದ್ದನ್ನೂ ಬಿಡದೆ ಹೇಳಿದರು. ಎರಡು ತಿಂಗಳು ಫೋನೆತ್ತದಿದ್ದ ಧರ್ಮಪ್ಪ ಆಮೇಲೆ ತಾವಾಗಿಯೇ ಬಂದು ಸೇರಿಕೊಂಡರು.

ಈ ಮಂಗಳವಾರದ ಚಿತ್ರ ಸಾವಂತ್ರಮ್ಮನೇ ಕೇಳಿದ್ದು. ಮದುವೆಯಾದ ಮರುವರ್ಷ ಗಂಡನ ಜೊತೆ ಹೊನ್ನಾಳಿಯ ಟೆಂಟಿನಲ್ಲಿ ಅರ್ಧ ನೋಡಿದ್ದರು. ಕಂಕುಳಲ್ಲಿದ್ದ ಕೂಸು ಅತ್ತು ಗಲಾಟೆ ಮಾಡಿದ್ದರಿಂದ ಉಳಿದರ್ಧ ಹೊರಗೆ ನಿಂತೇ ಕಳೆದರು. ಮುಂದೇನಾಯಿತು ಎಂದು ಕೇಳಿದಾಗಲೆಲ್ಲ ಗಂಡ, ಇನ್ನೊಂದು ಸಲ ತೋರಿಸ್ತೀನಿ ಬಿಡು ಎನ್ನುತ್ತಿದ್ದರಂತೆ. ಅವರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಆ ಉಳಿದರ್ಧದಲ್ಲೇ ಈ ಮೂರು ನಿಮಿಷವಿದೆ. ಅಕ್ಕನಿಗೆ ಅದು ಗೊತ್ತಿಲ್ಲ.

ಗೊತ್ತಿರುವುದು ಅಕ್ಕನ ಮಗಳು ಸುಚಿತ್ರಾಗೆ. ಯೂಟ್ಯೂಬಿನಲ್ಲಿ ಚಿತ್ರ ನೋಡಿ, ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿದ್ದಾಳೆ. ಅಮ್ಮ ಈಗೀಗ ಎರಡು ತುತ್ತು ಉಣ್ಣುತ್ತಿದ್ದಾಳೆ, ಇದನ್ನು ಕೇಳಿದರೆ ಮತ್ತೆ ಮಲಗಿಬಿಡುತ್ತಾಳೆ ಎಂಬುದು ಅವಳ ಅಂಜಿಕೆ. ಆ ಅಂಜಿಕೆ ನಿರ್ಮಲಮ್ಮನಿಗೂ ಇದೆ. ಮಾತಿಲ್ಲದ ಮೂರೇ ನಿಮಿಷ, ಏನು ಹೇಳಿದರೂ ನಡೆಯುತ್ತದೆ ಎನ್ನುವುದೂ ಅವರಿಗೆ ಗೊತ್ತು.

“ನಿದ್ದೆ ಮಾಡ್ತಾವ್ನೆ ಅಂತ ಹೇಳಿಬಿಡು ಚಿಕ್ಕಮ್ಮ, ಆಮೇಲೆ ನೆಟ್ವರ್ಕ್ ಹೋತು ಅನ್ನು,” ಸುಚಿತ್ರಾ ಕೈ ಹಿಡಿಯುತ್ತಾಳೆ. “ನಿನ್ನ ಕಾಲಿಗೆ ಬೀಳ್ತೀನಿ, ಇದೊಂದು ಸಲ.”

ನಿರ್ಮಲಮ್ಮ ಕೈ ಬಿಡಿಸಿಕೊಳ್ಳುವುದಿಲ್ಲ. ಮುಖ ನೋಡಿಯೇ ಹೇಳುತ್ತಾರೆ:

“ಆಗಲ್ಲ ಸುಚಿತ್ರಾ.”