‘ಖಾಲಿ ಅದೀನಿ’ ಎಂದು ಯಾರೂ ಒತ್ತಲಿಲ್ಲ

ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ಬಾಡಿಗೆ ಮನೆಯಲ್ಲಿ ಮೊದಲ ಬೆಳಗ್ಗೆ ಗೋಡೆಯ ಮಾಡದಲ್ಲಿಟ್ಟ ಪಾತ್ರೆಗಳೆಲ್ಲ ಗಡಗಡ ನಡುಗಿದವು. ನಾನು ಹೆಂಡತಿ, ಮಗಳ ಕೈ ಹಿಡಿದೆಳೆದುಕೊಂಡು ಬೀದಿಗೆ ಓಡಿದೆ. ನಮ್ಮ ಬಬಲೇಶ್ವರ, ತಿಕೋಟಾ ಕಡೆ ಆಗಾಗ ನೆಲ ಸಣ್ಣಗೆ ಅದುರುತ್ತದೆ. ಪಾತ್ರೆ ಸದ್ದು ಮಾಡಿದರೆ ಮೊದಲು ಹೊರಗೆ ಬರಬೇಕು, ಆಮೇಲೆ ಮಾತು. ಇಲ್ಲಿ ನೋಡಿದರೆ ಬೀದಿಯಲ್ಲಿ ನಾವು ಮೂವರೇ. ಎದುರು ಮನೆಯ ಅಜ್ಜಿ ಕಸ ಗುಡಿಸುವುದನ್ನು ನಿಲ್ಲಿಸಿ ಕೇಳಿದಳು:

“ಯಾಕ್ರಿ, ಏನಾತು?”

“ನೆಲ ನಡಗಿತಲ್ರಿ!”

“ರೈಲ್ರಿ ಅದು. ದಿನಾ ಹೋಗತೈತಿ. ದಿನಾ ಹಿಂಗ ಓಡ್ತೀರೇನ?”

ವಿಜಯಪುರ ನನಗೆ ಪರಿಚಯವಿಲ್ಲದ ಊರಲ್ಲ. ಸಂತೆಗೆ, ಆಸ್ಪತ್ರೆಗೆ ನೂರು ಸಲ ಬಂದಿದ್ದೇನೆ. ಆದರೆ ಬಂದು ಹೋಗುವುದೇ ಬೇರೆ, ಬಂದು ಇರುವುದೇ ಬೇರೆ. ಮಗಳ ಹೈಸ್ಕೂಲಿಗಾಗಿ ಬಬಲೇಶ್ವರದ ಹತ್ತಿರದ ನಮ್ಮೂರು ನಿಡೋಣಿ ಬಿಟ್ಟೆವು. ನಾನು ಏಳನೆಯ ತರಗತಿಗೇ ಸಾಲಿ ಬಿಟ್ಟವನು. ಬುದ್ಧಿ ಕಡಿಮೆಯಾಗಿ ಅಲ್ಲ, ಮನೆಗೆ ದುಡಿಯುವ ಕೈ ಬೇಕಾಗಿತ್ತು.

ನಿಡೋಣಿಯಲ್ಲಿ ನಾನು ಚಾಟನಿ ಟೋಳಿಯ ಮುಖ್ಯಸ್ಥ. ಚಾಟನಿ ಎಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವುದು. ಟೋಳಿ ಎಂದರೆ ಆ ಕೆಲಸದ ಗುಂಪು. ಹಂಗಾಮು ಬಂತೆಂದರೆ ತೋಟದವರು ಬೆಳಗಾಗುತ್ತಲೇ ನಮ್ಮ ಬಾಗಿಲಿಗೆ ಬರುತ್ತಿದ್ದರು. ಗಾಡಿ ನಿಲ್ಲಿಸಿ ಕೂಗುತ್ತಿದ್ದರು: “ಸಂಗಪ್ಪಾ, ಅದಿಯೇನೋ?” ನಾನು ಅವರನ್ನು ಕೂಡ್ರಿಸಿ, ಚಹಾ ಕೊಟ್ಟು, ಆಮೇಲೆ “ನೋಡೂಣು” ಎನ್ನುತ್ತಿದ್ದೆ. ಹೋಗುವುದು ಖಾತ್ರಿಯಿದ್ದರೂ ಹಾಗೆಯೇ. ಆ ಒಂದು ಮಾತಿನಲ್ಲಿ ನನ್ನ ಬೆಲೆಯೆಲ್ಲ ಇತ್ತು. ಈಗ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಬಾಗಿಲಲ್ಲಿರುವ ಯಂತ್ರಕ್ಕೆ ಹೆಬ್ಬೆರಳು ತೋರಿಸಿ ಒಳಗೆ ಹೋಗುತ್ತೇನೆ. ಯಾರೂ ಕರೆಯುವುದಿಲ್ಲ.

ಫೋನು ಮಾತ್ರ ಬರುತ್ತಿತ್ತು. “ಸಂಗಪ್ಪಾ, ಯಾವ ಟೋಳಿ ಸಿಗತೈತೋ?” ಎಂದು ಊರ ಕಡೆಯವರು ಕೇಳುವರು. ಬಾಕ್ಸು ಎತ್ತುತ್ತ ಎಲ್ಲರಿಗೂ ಹೇಳಲಾಗದೆ, ಇದಕ್ಕೊಂದು ಆ್ಯಪ್ ಮಾಡಿದರೆ ಹೇಗೆ ಎಂದುಕೊಂಡೆ. ಊರಿನಲ್ಲಿದ್ದಿದ್ದರೆ ಈ ಯೋಚನೆ ಬರುತ್ತಿರಲಿಲ್ಲ. ಇಲ್ಲಿ ಗೋಡೆಗೊಂದು ಬೋರ್ಡು, ಬೋರ್ಡಿಗೊಂದು ಕ್ಲಾಸು. ಸ್ಟೇಷನ್ ರಸ್ತೆಯಲ್ಲಿ ಆ್ಯಪ್ ಮಾಡುವುದನ್ನು ಕಲಿಸುವ ರವಿವಾರದ ಕ್ಲಾಸಿಗೆ ಸೇರಿದೆ. ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಂಡೆ.

ಹೊಸಬರಿಗೆ ಧೈರ್ಯ ಬರಲೆಂದು ಹೇಳುತ್ತೇನೆ: ಮೊದಲಿಗೆ ಇಂಗ್ಲಿಷ್ ಸಾಲುಗಳನ್ನು ಬರೆಯಬೇಕಾಗಿಲ್ಲ. ಬಣ್ಣದ ಬ್ಲಾಕುಗಳಿರುತ್ತವೆ. ‘ಬಟನ್ ಒತ್ತಿದಾಗ’ ಎಂಬ ಬ್ಲಾಕಿಗೆ ‘ಹೀಗೆ ಮಾಡು’ ಎಂಬ ಬ್ಲಾಕು ಜೋಡಿಸಿದರಾಯಿತು. ನನ್ನ ಮೊದಲ ಆ್ಯಪಿನಲ್ಲಿ ಒಂದೇ ಬಟನ್. ಒತ್ತಿದರೆ ಪರದೆ ಹಸಿರಾಗುತ್ತಿತ್ತು. ಅಷ್ಟಕ್ಕೇ ನಾನು ಬೀದಿಗೆಲ್ಲ ತೋರಿಸಿ ಬಂದೆ. ತಿಕೋಟಾದಲ್ಲಿ ಟೋಳಿ ನಡೆಸುವ ಗೆಳೆಯ ಮಲ್ಲಪ್ಪ ಬಂದಾಗ ಅವನ ಫೋನಿಗೂ ಹಾಕಲು ಹೋದೆ. ಈ ಆ್ಯಪ್ ಅಪಾಯಕಾರಿ ಇರಬಹುದು, ಮಾಡಿದವರ ಗುರುತಿಲ್ಲ ಎಂದು ಫೋನು ಎಚ್ಚರಿಕೆ ಕೊಟ್ಟಿತು.

“ಯಪ್ಪಾ! ಫೋನಿಗೂ ಗೊತ್ತಾತೇನೋ ನಿನ್ನ ಗುಣ?” ಎಂದ ಮಲ್ಲಪ್ಪ.

ಹೆಂಡತಿ ರೇಣುಕಾ ಎಸ್ಸೆಸ್ಸೆಲ್ಸಿ ಪಾಸು. ಕಲಿತದ್ದನ್ನು ಮೆರೆಯಲೆಂದೇ ಅವಳಿಗೆ ಹೇಳಿಕೊಟ್ಟೆ. ನಾನು ಕೆಲಸಕ್ಕೆ ಹೋದಾಗ ಅವಳು ಲ್ಯಾಪ್‌ಟಾಪ್ ತೆರೆಯತೊಡಗಿದಳು. ಒಂದು ಸಂಜೆ ಕೇಳಿದಳು: “ಮಲ್ಲಪ್ಪಣ್ಣ ತನ್ನ ಫೋನ್ಯಾಗ ಒತ್ತಿದ್ದು ನಮ್ಮ ಫೋನ್ಯಾಗ ಹೆಂಗ ಕಾಣಬೇಕ್ರಿ? ನಡುವ ಎಲ್ಲೆರ ಅದನ್ನ ಇಡಬೇಕಲ್ಲ?”

ನನಗೆ ಗೊತ್ತಿರಲಿಲ್ಲ. ರವಿವಾರ ಅದನ್ನೇ ನನ್ನ ಪ್ರಶ್ನೆಯೆಂಬಂತೆ ಕ್ಲಾಸಿನಲ್ಲಿ ಕೇಳಿದೆ. ಸರ್ ಮೆಚ್ಚಿ, “ಭಾರಿ ಪ್ರಶ್ನೆ ಕೇಳಿದ್ರಿ” ಎಂದರು. ಎಲ್ಲರೂ ನನ್ನತ್ತ ತಿರುಗಿದರು. ಹೊಗಳಿಕೆ ಮೈಮೇಲೆ ಬಿದ್ದ ಕೆಂಡದಂತಿತ್ತು. ಮರುದಿನದಿಂದ ಲ್ಯಾಪ್‌ಟಾಪಿನ ಚಾರ್ಜರನ್ನು ಕೆಲಸದ ಚೀಲದಲ್ಲಿ ಹಾಕಿಕೊಂಡು ಹೊರಟೆ. ಅವಳು ಎದುರು ಮನೆ ಅಜ್ಜಿಯ ಮೊಮ್ಮಗಳ ಚಾರ್ಜರ್ ತಂದುಕೊಂಡಳು. ಊರಿನಲ್ಲಾದರೆ ತೋಟಕ್ಕೆ ಹೋಗಿ ಕಡ್ಡಿಗಳ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಇಲ್ಲಿ ಒಂದೇ ಖೋಲಿಯ ಮನೆ. ಮುಖ ತಿರುಗಿಸಿದರೂ ಅವಳೇ ಕಾಣುತ್ತಾಳೆ.

ಒತ್ತಿದ್ದನ್ನು ನಡುವೆ ಇಂಟರ್ನೆಟ್ಟಿನಲ್ಲಿ ಇಡುವುದನ್ನು ಸರ್ ತೋರಿಸಿಕೊಟ್ಟರು; ಕಡೆಗೂ ಆ್ಯಪ್ ಸಿದ್ಧವಾಯಿತು. ನಾನು ಯೋಚಿಸಿದ್ದು ಸರಳ: ಕೆಲಸವಿಲ್ಲದ ಟೋಳಿಯ ಮುಖ್ಯಸ್ಥ ‘ಖಾಲಿ ಅದೀನಿ’ ಎಂಬ ಬಟನ್ ಒತ್ತಬೇಕು, ತೋಟದವರಿಗೆ ಅವನ ಹೆಸರು ಕಾಣಬೇಕು. ಎಲ್ಲ ಟೋಳಿಯವರ ಫೋನಿಗೂ ಹಾಕಿಸಿದೆ. ದಿನಗಳು ಹೋದವು. ಒಂದು ಹೆಸರೂ ಬರಲಿಲ್ಲ. ಮಲ್ಲಪ್ಪ ಕೆಲಸವಿಲ್ಲದೆ ಕೂತಿದ್ದಾನೆಂದು ಗೊತ್ತಿತ್ತು. ಫೋನು ಮಾಡಿ ಬೈದೆ.

“ಒತ್ತಾಕ ಏನ್ ಧಾಡಿ ಲೇ ನಿನಗ?”

“ಮೂರು ಊರ ಮಂದಿ ಮುಂದ ನಾ ಖಾಲಿ ಕುಂತೇನಿ ಅಂತ ಹಲಗಿ ಬಾರಿಸ್ಕೊಳ್ಳೇನ? ನೀ ಟೋಳಿ ನಡಸೂವಾಗ ಇಂಥಾದು ಒತ್ತತಿದ್ದೇನ? ಖರೇ ಹೇಳು.”

ಒತ್ತುತ್ತಿರಲಿಲ್ಲ. ಕೈ ಕತ್ತರಿಸಿದರೂ ಒತ್ತುತ್ತಿರಲಿಲ್ಲ. ಆ್ಯಪ್ ಮಾಡಿದ ನನಗೇ ಅದು ಹೊಳೆದಿರಲಿಲ್ಲ.

ರೇಣುಕಾ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳು. “ನಿಮ್ಮನ್ನ ಬಾಗಲಿಗೆ ಬಂದು ಕರೀತಿದ್ರಲ್ರಿ. ಹಂಗ ತೋಟದವ್ರೇ ಕರೀಲಿ” ಎಂದಳು. ಕೆಲವು ದಿನ ಕೂತು ಆ್ಯಪನ್ನು ತಿರುಗುಮುರುಗು ಮಾಡಿದಳು. ಈಗ ತೋಟದವರು ತಮ್ಮ ದನಿಯಲ್ಲೇ ಕೂಗಿ ಕಳಿಸುತ್ತಾರೆ. ಅದು ಸುತ್ತಲಿನ ಟೋಳಿಯವರ ಫೋನಿನಲ್ಲಿ ಕೇಳುತ್ತದೆ. ಕೆಳಗೆ ಎರಡು ಬಟನ್. ಒಂದು ‘ಬರ್ತೀನಿ’. ಇನ್ನೊಂದು ‘ನೋಡೂಣು’. ಒಲ್ಲೆನೆನ್ನುವ ಬಟನ್ನೇ ಇಲ್ಲ.

“ಇದು ನನ್ನ ಮಾತು” ಎಂದೆ.

“ನಿಮ್ಮದ ಐತ್ರಿ. ಅದಕ್ಕ ಹಾಕೇನಿ.”

ಸಂತೋಷಪಡಬೇಕೋ ಜಗಳಾಡಬೇಕೋ ತಿಳಿಯದೆ ಚಹಾ ಕೇಳಿದೆ.

ಆ ಹಂಗಾಮಿಗೆ ತಿಕೋಟಾದಿಂದ ಬಬಲೇಶ್ವರದವರೆಗೆ ಫೋನುಗಳು ಕೂಗಿದವು. ಊರವರು ಈಗಲೂ ನನಗೇ ಫೋನು ಮಾಡುತ್ತಾರೆ, ಆದರೆ “ಫೋನ ಆ್ಯಪ್ ಅಕ್ಕಾರಿಗೆ ಕೊಡೋ” ಎನ್ನಲು. “ಭಾರಿ ಶಾಣ್ಯಾಕಿ ನಿನ್ನ ಹೇಣ್ತಿ” ಎಂದವರಿಗೆಲ್ಲ “ನಾನ ಕಲಿಸೇನಿ” ಎಂದು ಹೇಳುತ್ತೇನೆ. ಸುಳ್ಳಲ್ಲ. ಮೊದಲ ಬಟನ್ ನಾನೇ ಕಲಿಸಿದ್ದು.

ಆ್ಯಪಿನಲ್ಲಿ ಎಲ್ಲರೂ ತಮ್ಮ ಊರು ತುಂಬಬೇಕು. ನನ್ನ ಹೆಸರಿನ ಮುಂದೆ ಅವಳು ಇಬ್ರಾಹಿಂಪುರ ಎಂದು ಹಾಕಿದ್ದಳು. ಅವಳಿಲ್ಲದಾಗ ನಾನು ನಿಡೋಣಿ ಮಾಡಿದೆ. ಹಾಗಾಗಿ ಒಂದು ಬೆಳಗ್ಗೆ ಬಾಕ್ಸುಗಳ ನಡುವೆ ನನ್ನ ಜೇಬಿನಿಂದ ಊರಿನ ಗೌಡರ ದನಿ ಬಂತು: “ಅದಿಯೇನೋ, ಚಾಟನಿ ಐತಿ!” ಎಲ್ಲರಿಗೂ ಹೋಗಿದ್ದ ಕೂಗು ಅದು. ಆದರೂ ನನ್ನ ಬಾಗಿಲಲ್ಲೇ ಗಾಡಿ ನಿಂತಂತಾಯಿತು. ‘ನೋಡೂಣು’ ಒತ್ತುವಷ್ಟು ತಾಳ್ಮೆ ಉಳಿದಿರಲಿಲ್ಲ. ರಜೆ ಹಾಕಿ, ಕತ್ತರಿ ಹುಡುಕಿಕೊಂಡು, ಬಬಲೇಶ್ವರದ ಬಸ್ಸು ಹತ್ತಿದೆ.

ಗೌಡರ ಮನೆಯಲ್ಲಿ ನನ್ನ ಹಳೆಯ ಟೋಳಿಯೊಂದಿಗೆ ಚಹಾ ಕುಡಿಯುತ್ತಿದ್ದೆ. ಗೋಡೆಯ ಮಾಡದಲ್ಲಿಟ್ಟ ಪಾತ್ರೆಗಳು ಗಡಗಡ ಎಂದವು. ಎಲ್ಲರೂ ಚಹಾದ ಬಸಿ ಕೆಳಗಿಟ್ಟು ಅಂಗಳಕ್ಕೆ ಓಡಿದರು. ನಾನು ಕೂತಲ್ಲೇ ಇನ್ನೊಂದು ಗುಟುಕು ಕುಡಿದೆ. ರೈಲು ಹೋಗಲಿ ಎಂದು ಕಾಯುತ್ತಿದ್ದೆ.

“ಸಂಗಪ್ಪಾ, ಹೊರಗ ಬಾರೋ!” ಗೌಡರು ಅಂಗಳದಿಂದ ಕೂಗಿದರು. “ನಿನಗೇನರ ಆದ್ರ ಆ್ಯಪ್ ಅಕ್ಕಾರಿಗೆ ಏನ್ ಹೇಳೂಣು?”