ಅಣ್ಣ ಗೆದ್ದು ಬಂದ ಬೆಳಗು

ನಮ್ಮಣ್ಣ ಗೋವಾದಲ್ಲಿ ಗೆದ್ದ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ತಿಕೋಟಾದ ಏಳೆಂಟು ಜನ ದ್ರಾಕ್ಷಿ ಬೆಳೆಗಾರರು ಆ ವರ್ಷದ ಮಣೂಕ ಮಾರಿ ಕೈ ಬಿಡುವಾದ ಮೇಲೆ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಗೋವಾ ನೋಡಲು ಹೋಗಿದ್ದರು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ವಾಪಸ್ ಬರುವ ದಾರಿಯಲ್ಲಿ ಅವರಲ್ಲೊಬ್ಬರು ಬೆಳಗಾಗುತ್ತಲೇ ಜಲನಗರದ ನನ್ನ ಗಂಡನ ಮನೆಗೆ ಫೋನ್ ಮಾಡಿದರು.

"ಅಕ್ಕಾರ, ನಿಮ್ಮ ಅಣ್ಣಾರು ಜೂಜಿನ ಹಡಗಿನಾಗ ರೂಲೆಟ್ ಆಡಿ ಗೆದ್ದಾರ್ರಿ! ಹದಿನೇಳರ ಮ್ಯಾಲ ಇಟ್ಟಾರ, ಒಂದರ ಹಿಂದ ಒಂದ ಮೂರು ಸಲ ಹದಿನೇಳ ಬಂದೈತಿ!"

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ರೂಲೆಟ್ ಗಾಲಿಯಲ್ಲಿ ಸೊನ್ನೆಯಿಂದ ಮೂವತ್ತಾರರವರೆಗೆ ಮೂವತ್ತೇಳು ಮನೆಗಳಿರುತ್ತವೆ, ತಿರುಗುವ ಗಾಲಿಯ ಮೇಲೆ ಓಡಿಸಿದ ಗೋಲಿ ಯಾವ ಮನೆಯಲ್ಲಿ ಕೂತಿತೋ ಆ ಸಂಖ್ಯೆ ಹಿಡಿದವನು ಗೆದ್ದ ಎನ್ನುವುದು ನನಗೆ ಗೊತ್ತಿತ್ತು. ಹಿಡಿದ ಸಂಖ್ಯೆಯೇ ಸಾಲಾಗಿ ಮೂರು ಸಲ ಬರುವುದು ಐವತ್ತು ಸಾವಿರಕ್ಕೊಮ್ಮೆ ಆದೀತು ಎಂದು ಲೆಕ್ಕ ಹಾಕಲು ನನಗೆ ಪೆನ್ನೂ ಬೇಕಿರಲಿಲ್ಲ. ಆದರೂ ಒಂದು ಗಳಿಗೆಯೂ ಅನುಮಾನ ಬರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಮುಖಕ್ಕೆ ಹೊಡೆದಂತೆ ಸುಳ್ಳು ಎನ್ನುತ್ತಿದ್ದೆ. ಇವನು ನನ್ನ ಅಣ್ಣ.

ಅವನನ್ನು ಊರೇ ನಂಬುತ್ತಿತ್ತು. ಎರಡು ಎಕರೆ ದ್ರಾಕ್ಷಿ ಪಡವಿದ್ದರೂ ಅವನ ಹೆಸರು ಇದ್ದದ್ದು ಮುಷ್ಟಿಯಲ್ಲಿ. ಯಾರದೇ ಒಣಗಿಸುವ ಶೆಡ್ಡಿಗೆ ಹೋಗಲಿ, ಬಲೆಯ ಮೇಲೆ ಹರವಿದ ಮಣೂಕವನ್ನು ಒಂದು ಹಿಡಿ ಎತ್ತಿ, ಮುಷ್ಟಿ ಬಿಗಿದು, ಬಿಟ್ಟು, ಅದು ಎಷ್ಟು ದಿನ ಒಣಗಿದೆ ಎಂದು ಹೇಳುತ್ತಿದ್ದ. "ಹದಿನೇಳು ದಿನ ಬೇಕ್ರಿ. ಹದಿನಾರಕ್ಕ ಅವಸರ, ಹದಿನೆಂಟಕ್ಕ ಆಳಸ," ಎನ್ನುತ್ತಿದ್ದ. ಖರೀದಿ ಮಾಡುವವರು, ಮಾರುವವರು ಇಬ್ಬರೂ ಅವನ ಮಾತಿನ ಮೇಲೆ ಮಾತಾಡುತ್ತಿರಲಿಲ್ಲ. ಅಂಥ ಕೈ ಗಾಲಿಯ ಮುಂದೆಯೂ ಸೋಲಲಿಲ್ಲ ಎಂದರೆ ನನಗೆ ಅದು ಸಹಜವೇ ಅನಿಸಿತು.

ಮೊದಲ ಬಸ್ಸು ಹಿಡಿದೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯವನಿಂದ ಬಾಗಿಲು ತೆಗೆಸಿ ಎರಡು ಕೆ.ಜಿ. ಪೇಡೆ ಕಟ್ಟಿಸಿದೆ. ತಿಕೋಟಾದಲ್ಲಿ ಇಳಿದವಳು ತವರುಮನೆ ಮುಟ್ಟುವಷ್ಟರಲ್ಲಿ ಓಣಿಯ ಅರ್ಧ ಜನಕ್ಕೆ ಪೇಡೆ ಕೊಟ್ಟಾಗಿತ್ತು. "ನಮ್ಮಣ್ಣ ಗೆದ್ದು ಬಂದಾನ" ಎಂದು ಒಬ್ಬೊಬ್ಬರಿಗೂ ಹೇಳಿದೆ. ಆ ವಾಕ್ಯವನ್ನು ಅವತ್ತು ಎಷ್ಟು ಸಲ ಹೇಳಿದೆನೋ!

ಅಣ್ಣ ಆಗಷ್ಟೇ ಬಂದಿದ್ದ. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ಒಲೆಯ ಮೇಲೆ ಸ್ನಾನಕ್ಕೆ ನೀರಿಟ್ಟು ಅಡುಗೆಮನೆಯಿಂದ ಹೊರಬಂದಳು. ಅವಳ ಕಣ್ಣು ತುಂಬಿದ್ದವು. ಖುಷಿಗೆ ಅಂದುಕೊಂಡೆ. ನನ್ನ ಕೈ ಹಿಡಿದು, "ಅಕ್ಕೋರ, ಒಂದ ಮಾತು, ಸ್ವಲ್ಪ ಒಳಗ ಬರ್ರಿ," ಎಂದಳು. ನಾನು ಟೀಚರ್ ಆದಾಗಿನಿಂದ ಅವಳು ನನ್ನನ್ನು ಕಾಡಿಸಲು ಶಾಲೆಯ ಮಕ್ಕಳ ಹಾಗೆ ಅಕ್ಕೋರ ಎಂದು ಕರೆಯುತ್ತಿದ್ದಳು.

"ಮಾತು ಆಮ್ಯಾಲ ವೈನಿ. ಮೊದಲ ಆರತಿ ತಾಟು ತರ್ರಿ," ಎಂದೆ.

ನಮ್ಮಲ್ಲಿ ಅಣ್ಣತಮ್ಮಂದಿರು ಏನಾದರೂ ಗೆದ್ದು ಬಂದರೆ, ಕುಸ್ತಿಯಿರಲಿ ಪಂಚಾಯಿತಿ ಇಲೆಕ್ಷನ್ನಿರಲಿ, ಹೊಸ್ತಿಲಿನಲ್ಲಿ ನಿಲ್ಲಿಸಿ ತಂಗಿ ಆರತಿ ಮಾಡುತ್ತಾಳೆ. ಆರತಿಯಾದ ಮೇಲೆ ಅವನು ತಾಟಿನಲ್ಲಿ ತಂಗಿಗೆ ಏನಾದರೂ ಹಾಕಬೇಕು. ಹಾಕುವ ತನಕ ತಂಗಿ ದಾರಿ ಬಿಡುವುದಿಲ್ಲ. ಜೂಜಿನಲ್ಲಿ ಗೆದ್ದವನಿಗೆ ಯಾರೂ ಆರತಿ ಮಾಡಿದ್ದಿಲ್ಲ, ಆ ಬುದ್ಧಿ ನನ್ನೊಬ್ಬಳಿಗೇ ಬಂತು. ಬಾಯಿ ತೊಳೆಯುತ್ತಿದ್ದವನನ್ನು ಎಳೆದುಕೊಂಡು ಬಂದು ಹೊಸ್ತಿಲಿನಲ್ಲಿ ನಿಲ್ಲಿಸಿದೆ. ಅಪ್ಪನ ಹಳದಿ ಪಟಗ ಟ್ರಂಕಿನಿಂದ ತೆಗೆದು ತಲೆಗೆ ಸುತ್ತಿದೆ. ಅಂಗಳದ ತುಂಬ ಜನ. ಅವನು "ತಂಗೆವ್ವ, ತಡಿ, ಕೇಳಿಲ್ಲಿ" ಎಂದದ್ದು ನೆನಪಿದೆ. ನಾಚಿಕೆ ಅಂದುಕೊಂಡೆ. ಅವನು ಹುಟ್ಟಾ ನಾಚಿಕೆಯವ.

ಆರತಿಯಾಯಿತು. ಅವನು ಅಂಗಿಯ ಕಿಸೆಗೆ ಕೈ ಹಾಕಿದ. ನಾನು ತಾಟು ಹಿಂದಕ್ಕೆ ಎಳೆದುಕೊಂಡೆ.

"ಹಡಗು ಗೆದ್ದು ಬಂದಾವ ನೂರರ ನೋಟು ಹಾಕಿದ್ರ ನಾ ಮುಟ್ಟಂಗಿಲ್ಲ. ನನಗ ಪಾಟ್ಲಿ ಬೇಕು. ಎರಡೂ ಕೈಗೆ ಬಂಗಾರದ ಪಾಟ್ಲಿ!"

ಅಂಗಳವೆಲ್ಲ ನಕ್ಕಿತು. ಯಾರೋ ಸೀಟಿ ಹೊಡೆದರು. ಅಣ್ಣ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನಿಂತಿದ್ದ ವೈನಿಯನ್ನು ನೋಡಿದ. "ಆತು ತಂಗೆವ್ವ. ಪಾಟ್ಲಿ," ಎಂದ. ಜನ ಚಪ್ಪಾಳೆ ತಟ್ಟಿದರು. ಆ ಫೋಟೊ ನನ್ನ ಫೋನಿನಲ್ಲಿದೆ. ಹಳದಿ ಪಟಗದಡಿಯ ಅವನ ಮುಖವನ್ನು ಈಗ ದೊಡ್ಡದು ಮಾಡಿ ನೋಡುತ್ತೇನೆ. ಎಂಥ ಕುರುಡಿಗೂ ಕಾಣಬೇಕಿತ್ತು.

ತಿಂಗಳೊಪ್ಪತ್ತಿನಲ್ಲಿ ಪಾಟ್ಲಿ ಬಂದವು. ಅವನೇ ಜಲನಗರಕ್ಕೆ ತಂದು, ನನ್ನ ಕೈಗೆ ತಾನೇ ಏರಿಸಿದ. ಆ ಪಂಚಮಿಗೆ ಹೋದಾಗ ವೈನಿಯ ಕೈಯಲ್ಲಿ ಬರೀ ಗಾಜಿನ ಬಳೆ ಇದ್ದವು. "ನಿಮ್ಮ ತವರಿನ ಪಾಟ್ಲಿ ಎಲ್ಲಿ ವೈನಿ?" ಎಂದೆ. "ಒತ್ತತಾವ್ರಿ. ತೆಗದ ಇಟ್ಟೇನಿ," ಎಂದಳು. ನಾನು ನನ್ನ ಕೈ ಮುಂದೆ ಮಾಡಿ, "ನೋಡ್ರಿ, ಹೆಂಗ ಕಾಣತಾವ?" ಎಂದು ಕೇಳಿದೆ.

ಅಲ್ಲಿಂದ ಮುಂದೆ ನನಗೊಂದು ಹುಚ್ಚು ಹತ್ತಿತು. ಲೋಕದಲ್ಲಿ ರೂಲೆಟ್ ಆಡಿ ಹೆಸರಾದವರ ಕಥೆಗಳನ್ನು ಫೋನಿನಲ್ಲಿ ಹುಡುಕಿ ಹುಡುಕಿ ಓದತೊಡಗಿದೆ. ಒಬ್ಬ ಇಂಗ್ಲೆಂಡಿನ ಹುಡುಗ ಮೈಮೇಲಿನ ಬಟ್ಟೆಯ ತನಕ ತನ್ನದೆಲ್ಲ ಮಾರಿ, ಬಂದಷ್ಟನ್ನೂ ಒಂದೇ ಸಲ ಗಾಲಿಯ ಕೆಂಪು ಮನೆಗಳ ಮೇಲೆ ಇಟ್ಟು ಎರಡರಷ್ಟು ಪಡೆದು ಎದ್ದುಹೋದ. ಹಿಂದೆ ಒಬ್ಬ ಗಿರಣಿ ಕೆಲಸದವನು ಮಾಂಟೆ ಕಾರ್ಲೊಗೆ ಹೋಗಿ, ಗಾಲಿಗಳು ಹೇಗೆ ಸವೆಯುತ್ತವೆ ಎಂದು ಬಲ್ಲವನಾದ್ದರಿಂದ, ಜನರನ್ನು ಇಟ್ಟು ಬಿದ್ದ ಸಂಖ್ಯೆಗಳನ್ನೆಲ್ಲ ಬರೆಸಿ, ಒಂದು ಗಾಲಿಗೆ ಕೆಲವು ಸಂಖ್ಯೆಗಳ ಕಡೆಗಿದ್ದ ವಾಲಿಕೆ ಹಿಡಿದು ಗೆದ್ದ. ಇವನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಸಂಭವನೀಯತೆ ಪಾಠದಲ್ಲಿ ಹೇಳುತ್ತಿದ್ದೆ. ಕೊನೆಗೆ, "ಅಷ್ಟು ದೂರ ಯಾಕೆ, ನಮ್ಮಣ್ಣನೇ ಇದ್ದಾನೆ" ಎಂದು ಹಲಗೆಯ ಮೇಲೆ ಮೂವತ್ತೇಳನ್ನು ಮೂರು ಸಲ ಗುಣಿಸಿ ತೋರಿಸುತ್ತಿದ್ದೆ. ಸೋತವರ ಕಥೆ ಫೋನಿನಲ್ಲಿ ಯಾಕೆ ಸಿಗುವುದಿಲ್ಲ ಎಂದು ಒಂದು ಮಗುವೂ ಕೇಳಲಿಲ್ಲ, ಕಲಿಸುವ ನನಗೂ ಹೊಳೆಯಲಿಲ್ಲ.

ಅಣ್ಣನಿಗೂ ಹೇಳುತ್ತಿದ್ದೆ. ಒಬ್ಬ ಸಿನಿಮಾ ನಟ ಇಟಲಿಯಲ್ಲಿ ಹದಿನೇಳರ ಮೇಲೆಯೇ ಇಟ್ಟು ಸಾಲಾಗಿ ಮೂರು ಸಲ ಗೆದ್ದನಂತೆ ಎಂದು ಓದಿದ ದಿನವಂತೂ ಶಾಲೆಯಿಂದಲೇ ಫೋನ್ ಮಾಡಿದೆ.

"ಅದು ಖರೇನ?" ಎಂದ.

"ಖರೇ ಅಣ್ಣಾ. ನಿನ್ನಂಗ!"

"ಖರೇ ಆಗಿರ್ತೈತಿ ಹಂಗಾರ," ಎಂದ. ತನಗೆ ತಾನೇ ಹೇಳಿಕೊಂಡಂತಿತ್ತು.

ಗಿರಣಿಯವನ ಕಥೆಯನ್ನು ಅವನು ಮತ್ತೆ ಮತ್ತೆ ಕೇಳುತ್ತಿದ್ದ. ಎಷ್ಟು ದಿನ ಬರೆದ, ಆಡದೇ ಬರೀ ನಿಂತು ಬರೆದನೇ, ವಾಲಿಕೆ ಎಂದರೆ ಎಷ್ಟು. ನಾನು ಉತ್ಸಾಹದಿಂದ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೈಯಲ್ಲಿ ಹಿಡಿದು ವಸ್ತುವಿನ ಗುಣ ಹೇಳುವ ಮನುಷ್ಯನಿಗೆ ಆ ಕಥೆ ಎಷ್ಟು ಆಳಕ್ಕೆ ಇಳಿಯಿತು ಎಂದು ನನಗೆ ತಿಳಿಯಲಿಲ್ಲ. ಮುಂದಿನ ವರ್ಷ ಅವನು ಒಬ್ಬನೇ ಗೋವಾಕ್ಕೆ ಹೋದ. ಅಲ್ಲಿಯ ಅಂಗಡಿಗಳಿಗೆ ಮಣೂಕ ಕೊಡಲು ಎಂದ. ಅದರ ಮರುವರ್ಷವೂ ಹೋದ. ನಾಲ್ಕನೆಯ ಸಲ ಹೋದವನು ಬಸ್ಸಿನಲ್ಲಿ ಬರುತ್ತ, ಕಿಟಕಿಗೆ ತಲೆಯಾನಿಸಿ ಮಲಗಿದ ಹಾಗೇ ತೀರಿಕೊಂಡ. ಬೆಳಗಾವಿಯಲ್ಲಿ ಊಟಕ್ಕೆ ನಿಂತಾಗ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಲು ನೋಡಿದನಂತೆ. ಎದೆ ನಿಂತುಹೋಗಿದೆ ಎಂದರು ಡಾಕ್ಟರು.

ಅವನ ಚೀಲದಲ್ಲಿ ಒಂದು ಉದ್ದ ನೋಟ್‌ಬುಕ್ ಇತ್ತು. ತುಂಬ ಸಂಖ್ಯೆಗಳು, ಸೊನ್ನೆಯಿಂದ ಮೂವತ್ತಾರು, ಸಾಲು ಸಾಲು. ಮಣೂಕದ ಬಾಕ್ಸಿನ ಮೇಲೆ ಬರೆಯುವ ಅದೇ ದುಂಡು ಅಕ್ಷರ. ನೋಡುತ್ತಲೇ ಗೊತ್ತಾಯಿತು. ಗಾಲಿಯ ಮುಂದೆ ನಿಂತು, ಗಿರಣಿಯವನ ಹಾಗೆ, ಬಿದ್ದದ್ದನ್ನೆಲ್ಲ ಬರೆದಿದ್ದ. ದಿನಕರ್ಮ ಮುಗಿದ ಮೇಲೆ ಅದನ್ನು ಜಲನಗರಕ್ಕೆ ತಂದುಕೊಂಡೆ. ಸಂಜೆ ಸಂಜೆ ಕೂತು ಒಂದೊಂದು ಸಂಖ್ಯೆಗೂ ಗೆರೆ ಎಳೆದೆ, ಐದರ ಕಟ್ಟು ಕಟ್ಟಿದೆ. ಎಂಟು ದಿನ ಹಿಡಿಯಿತು. ವಾಲಿಕೆ ಇರಲಿಲ್ಲ. ಎಲ್ಲ ಮನೆಗಳೂ ಹೆಚ್ಚುಕಮ್ಮಿ ಒಂದೇ ಸಮ. ಹದಿನೇಳು ಎಷ್ಟು ಬರಬೇಕೋ ಅಷ್ಟೇ ಬಂದಿತ್ತು, ಸಾಲಾಗಿ ಮೂರು ಸಲ ಎಲ್ಲಿಯೂ ಇರಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಅತ್ತುಬಿಟ್ಟೆ. ನಮ್ಮನೆಯವರು ಬಂದು ದೀಪ ಹಾಕಿ ಹೋದರು.

ವೈನಿ ಪಡವನ್ನು ಲಾವಣಿಗೆ, ಎಂದರೆ ಗುತ್ತಿಗೆಗೆ, ಕೊಟ್ಟು ಬಬಲೇಶ್ವರದ ತವರಿಗೆ ಹೋಗಿದ್ದಳು. ಮಕ್ಕಳಿರಲಿಲ್ಲ. ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಳು. ಒಂದು ಭಾನುವಾರ ನೋಟ್‌ಬುಕ್ ಹಿಡಿದು ಹೋದೆ. ಗಾಲಿಯಲ್ಲಿ ಮೋಸವಿರಲಿಲ್ಲ, ಅಣ್ಣ ವ್ಯರ್ಥ ನಿಂತ, ಒಮ್ಮೆ ಗೆದ್ದ ರುಚಿ ಬಿಡಲಿಲ್ಲ ಪಾಪ, ಎಂದು ಹೇಳಲು ಹೋಗಿದ್ದೆ. ಹೇಳಿದೆ. ವೈನಿ ಕೇಳಿದಳು. ಮಷಿನ್ನಿನ ಗಾಲಿಯ ಮೇಲೆ ಕೈ ಇಟ್ಟು ನಿಲ್ಲಿಸಿದಳು.

"ಅವರು ಒಮ್ಮೇನೂ ಗೆದ್ದಿಲ್ರಿ," ಎಂದಳು.

ನಾನು ತೆರೆದು ಹಿಡಿದಿದ್ದ ನೋಟ್‌ಬುಕ್ ಮುಚ್ಚಿದೆ.

"ಆ ವರ್ಷದ ಮಣೂಕ ಮಾರಿದ್ದೆಲ್ಲ ಅಲ್ಲೇ ಬಿಟ್ಟ ಬಂದಿದ್ರು. ಹಡಗ ಇಳಿಯೂ ಮುಂದ, ಬ್ಯಾರೆ ಟೇಬಲ್ಲಿನಾಗಿದ್ದ ಗೆಳ್ಯಾರು ಏನಾತೋ ಅಂತ ಕಾಡಿಸಿದ್ರಂತ. ಮಾನ ಉಳಿಸ್ಕೊಳ್ಳಾಕ ಮೂರು ಸಲ ಹದಿನೇಳು ಬಂತು ಅಂದಾರ. ಅವರ ಬಾಯಾಗ ಬ್ಯಾರೆ ಯಾವ ಅಂಕಿ ಬರ್ತಿತ್ತು ಹೇಳ್ರಿ. ಮನಿಗೆ ಬಂದವ್ರ ನನ್ನ ಮುಂದ ಕುಂತು ಅತ್ರು. ಸ್ನಾನ ಮಾಡಿ ಎಲ್ಲಾರ್ನೂ ಕರದು ಖರೇ ಹೇಳ್ತೇನಿ ಅಂದ್ರು. ನಾ ನೀರು ಕಾಯಾಕ ಇಟ್ಟಿದ್ದೆ."

ಅವಳು ಮಷಿನ್ನಿನಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟಳು.

"ನೀವು ಎರಡನೇ ಬಸ್ಸಿಗೆ ಬಂದಿದ್ರ ಆಗಿತ್ತು ಅಕ್ಕೋರ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹಿಡಿದ ಕೈ ಬಿಡಿಸಿಕೊಂಡು ಆರತಿ ತಾಟು ಕೇಳಿದ್ದು, ಪಟಗ ಸುತ್ತಿದ್ದು, ಅಣ್ಣ "ತಡಿ, ಕೇಳಿಲ್ಲಿ" ಎಂದದ್ದು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಆಮೇಲೆ ನನ್ನ ಕಣ್ಣು ನನ್ನ ಕೈಗೆ ಬಿತ್ತು. ಕೇಳುವುದು ಬೇಕಿರಲಿಲ್ಲ. ಕೇಳಿದೆ.

"ಇವು ನಿಮ್ಮ ಪಾಟ್ಲಿ ಏನ್ರಿ ವೈನಿ?"

"ನಮ್ಮವ್ವ ಹಾಕಿದ್ವು. ಕರಗಿಸಿ ನಿಮ್ಮ ಕೈ ಅಳತಿಗೆ ಮಾಡಿಸಿದ್ರು. ನಾನ ಬಿಚ್ಚಿ ಕೊಟ್ಟೇನಿ. ಅಷ್ಟು ಮಂದಿ ಮುಂದ ಮಾತು ಕೊಟ್ಟಿದ್ರಲ್ರಿ. ಆಮ್ಯಾಲ ವರ್ಷಾ ಹೋಗ್ತಿದ್ರು. ಒಮ್ಮೆ ಖರೇನ ಗೆದ್ದು ಬರ್ತೇನಿ, ಆಗ ಸುಳ್ಳು ಸುಳ್ಳಾಗಿ ಉಳಿಯಂಗಿಲ್ಲ ಅಂತಿದ್ರು."

ನಾನು ಹಿತ್ತಲಿಗೆ ಓಡಿದೆ. ಸಾಬೂನು ಹಚ್ಚಿ, ಚರ್ಮ ಕಿತ್ತರೂ ಬಿಡದೆ, ಎರಡನ್ನೂ ಎಳೆದು ತೆಗೆದು ತಂದು ಅವಳ ಮಡಿಲಿಗೆ ಹಾಕಿದೆ. ವೈನಿ ಅವನ್ನು ತನ್ನ ಸೆರಗಿನಿಂದ ಒರೆಸಿದಳು. ನನ್ನ ಕೈ ಎಳೆದುಕೊಂಡು, ಮೆಲ್ಲಗೆ, ನೋವಾಗದಂತೆ, ತಿರುಗಿ ಏರಿಸಿದಳು.

"ನೀವು ತೆಗದ್ರ ತಿಕೋಟಾದ ಮಂದಿ ಯಾಕ ಅಂತ ಕೇಳ್ತಾರ. ಊರಾಗ ಅವರು ಗೆದ್ದಾರ. ಹಂಗ ಇರ್ಲಿ ಬಿಡ್ರಿ. ಅವರಿಗೆ ಉಳದದ್ದು ಅದೊಂದ."

ಆಮೇಲೆ ಚಹಾ ಮಾಡಿದಳು, ಕುಡಿದೆವು. ನೋಟ್‌ಬುಕ್ ಅಲ್ಲೇ ಬಿಟ್ಟು ಬಂದೆ. ಗೆದ್ದವರ ಕಥೆ ಈಗ ತರಗತಿಯಲ್ಲಿ ಹೇಳುವುದಿಲ್ಲ, ನಾಣ್ಯ ಚಿಮ್ಮಿ ಪಾಠ ಮುಗಿಸುತ್ತೇನೆ. ಇಲ್ಲಿ ಯಾರ ಹೆಸರನ್ನೂ ಬರೆಯದಿರುವುದು ವೈನಿಗಾಗಿ.

ಮೊನ್ನೆ ಅಥಣಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಿಕೋಟಾ ಕಡೆಯ ಹಿರಿಯರೊಬ್ಬರು ಗುರುತು ಹಿಡಿದು ಬಂದು ಕೈ ಮುಗಿದರು. ಪಕ್ಕದಲ್ಲಿದ್ದ ಅಳಿಯನಿಗೆ, "ಇವರ ಅಣ್ಣಾರ ನೋಡೋ, ಗೋವಾದ ಹಡಗಿನಾಗ ಗೆದ್ದವರು," ಎಂದು ಪರಿಚಯ ಮಾಡಿಕೊಟ್ಟು, ನನ್ನ ಕಡೆ ತಿರುಗಿದರು.

"ಯಾವ ನಂಬರ್ ಬಂದಿತ್ತಲ್ರಿ ಅಕ್ಕಾರ ಅದು?"

ಸೀರೆಯ ಸೆರಗಿನೊಳಗೆ ಪಾಟ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹದಿನೇಳ್ರಿ," ಎಂದೆ. "ಮೂರು ಸಲ."